ಸಂತ ಅಗಸ್ತೀನರು ಮತ್ತು ಅಂತಿಮ ತೀರ್ಪಿನ ಪ್ರವಾದನೆ

ಯುದ್ಧದ ವಾರ್ತೆ ಕಿವಿಗೆ ಬಿದ್ದಾಗಲೆಲ್ಲಾ ವಿಶ್ವಾಸಿಗಳಲ್ಲಿ ಕೆಲವರು ಗೋಗ್ ಮತ್ತು ಮಾಗೋಗ್ ಎಂಬ ಹೆಸರುಗಳ ಅರ್ಥವನ್ನು ನಮ್ಮಲ್ಲಿ ವಿಚಾರಿಸುವುದುಂಟು. ಪ್ರವಾದಿ ಯೆಜೆಕಿಯೇಲನ ಗ್ರಂಥದ 38 ಮತ್ತು 39ನೆಯ ಅಧ್ಯಾಯಗಳಲ್ಲಿಯೂ ಪ್ರಕಟನಾ ಗ್ರಂಥದ 20ನೆಯ ಅಧ್ಯಾಯದಲ್ಲಿಯೂ ಬರುವ ಈ ಹೆಸರುಗಳು ದೇವಜನರ ಮೇಲೆ ದಂಡೆತ್ತಿ ಬಂದು ದೈವತೀರ್ಪಿಗೆ ಗುರಿಯಾಗುವ ಶತ್ರುಗಳನ್ನು ಸೂಚಿಸುತ್ತವೆ. ಆ ಶತ್ರು ಯಾವ ರಾಷ್ಟ್ರ? ಇದೇ ಪ್ರಶ್ನೆಯನ್ನು ಹದಿನಾರು ಶತಮಾನಗಳ ಹಿಂದೆ ಎದುರಿಸಿದ ಸಂತ ಅಗಸ್ತೀನರ ಜೀವನವನ್ನು ಈ ಶತಮಾನೋತ್ಸವದ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಸಂತರು ಕ್ರಿ.ಶ. 354ರ ನವೆಂಬರ್ 13ರಂದು ಉತ್ತರ ಆಫ್ರಿಕದ ತಗಾಸ್ತೆ ಪಟ್ಟಣದಲ್ಲಿ ಜನಿಸಿದರು. ಅದು ಇಂದಿನ ಅಲ್ಜೀರಿಯ ದೇಶದಲ್ಲಿದೆ. ಯೌವನದಲ್ಲಿ ಸುಮಾರು ಒಂಬತ್ತು ವರ್ಷ ಅವರು ಮಾನಿಯ ಪಂಥವನ್ನು ಅನುಸರಿಸಿದರು. ಲೋಕವೆಂಬುದು ಬೆಳಕು ಮತ್ತು ಕತ್ತಲೆಗಳೆಂಬ ಎರಡು ಶಕ್ತಿಗಳ ರಣರಂಗವೆಂದು ಆ ಪಂಥವು ಬೋಧಿಸುತ್ತಿತ್ತು. ಕೊನೆಗೆ ತಾಯಿ ಸಂತ ಮೋನಿಕಳ ಕಣ್ಣೀರಿನ ಪ್ರಾರ್ಥನೆ ಫಲಿಸಿತು. 387ರ ಪಾಸ್ಕ ಜಾಗರಣೆಯಂದು ಮಿಲಾನ್ ನಗರದಲ್ಲಿ ಅವರು ಸಂತ ಅಂಬ್ರೋಸರಿಂದ ಜ್ಞಾನಸ್ನಾನ ಪಡೆದರು. ಸ್ವದೇಶಕ್ಕೆ ಮರಳಿ 391ರಲ್ಲಿ ಹಿಪ್ಪೋ ನಗರದಲ್ಲಿ ಗುರುಪಟ್ಟ ಹೊಂದಿದರು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಧರ್ಮಾಧ್ಯಕ್ಷರಾಗಿ ಕೊನೆಯುಸಿರಿನವರೆಗೂ ಆ ಹಿಂಡನ್ನು ಕಾಯ್ದರು.

410ರ ಆಗಸ್ಟ್ ತಿಂಗಳಲ್ಲಿ ಅಲಾರಿಕನ ಗೋಥ್ ಸೈನ್ಯವು ರೋಮ್ ನಗರವನ್ನು ಮೂರು ದಿನ ಕೊಳ್ಳೆ ಹೊಡೆಯಿತು. ನಿರಾಶ್ರಿತರು ಕಡಲು ದಾಟಿ ಆಫ್ರಿಕಕ್ಕೆ ಬಂದರು. ಹಳೆಯ ದೇವತೆಗಳನ್ನು ತೊರೆದುದೇ ಈ ಅನರ್ಥಕ್ಕೆ ಕಾರಣವೆಂದು ಅನ್ಯರು ದೂರಿದರು. ಕ್ರೈಸ್ತರಲ್ಲಿ ಕೆಲವರು ಲೋಕಾಂತ್ಯ ಸಮೀಪಿಸಿತೆಂದು ಬೆದರಿದರು. ಸಂತ ಅಂಬ್ರೋಸರೇ ಹಿಂದೆ ತಮ್ಮ ಬರಹವೊಂದರಲ್ಲಿ ಗೋಗ್ ಎಂದರೆ ಗೋಥರೇ ಎಂದು ಅರ್ಥೈಸಿದ್ದರು.

413ರಲ್ಲಿ ಸಂತ ಅಗಸ್ತೀನರು ದೇವನಗರವೆಂಬ ಮಹಾಗ್ರಂಥವನ್ನು ಆರಂಭಿಸಿ, ಸುಮಾರು 426ರಲ್ಲಿ 22 ಸಂಪುಟಗಳಾಗಿ ಮುಗಿಸಿದರು. ಅದರ 20ನೆಯ ಸಂಪುಟವು ಅಂತಿಮ ತೀರ್ಪನ್ನು ಕುರಿತದ್ದು. ತಮಗೆ ಜ್ಞಾನಸ್ನಾನವಿತ್ತ ಗುರುವಿನ ಅರ್ಥವನ್ನು ಅವರು ಅಲ್ಲಿ ಅನುಸರಿಸಲಿಲ್ಲ. ಗೋಗ್ ಮತ್ತು ಮಾಗೋಗ್ ಎಂದರೆ ಭೂಮಿಯ ಯಾವುದೋ ಮೂಲೆಯ ಅನಾಗರಿಕ ಜನಾಂಗವಲ್ಲ. ದೇವರನ್ನು ವಿರೋಧಿಸುವವರು ಭೂಮಿಯ ಎಲ್ಲ ಜನಾಂಗಗಳಲ್ಲಿಯೂ ಇರುವರು ಎಂದು ಬೋಧಿಸಿದರು. ಆ ಶತ್ರುಗಳು ಮುತ್ತುವ ಸಂತರ ಪಾಳೆಯವೂ ಒಂದು ಸ್ಥಳಕ್ಕೆ ಸೀಮಿತವಲ್ಲ. ಅದು ಲೋಕವೆಲ್ಲ ಹರಡಿರುವ ಧರ್ಮಸಭೆ. ಆಕಾಶದಿಂದ ಇಳಿದು ಶತ್ರುಗಳನ್ನು ದಹಿಸುವ ಬೆಂಕಿಯನ್ನೂ ಅವರು ಸಂತರ ಅಚಲ ನಿಷ್ಠೆಯೆಂದೇ ವಿವರಿಸಿದರು.

ಗ್ರಂಥದ ಮೊದಲ ಸಂಪುಟದಲ್ಲಿಯೇ ಇನ್ನೊಂದು ಗಂಭೀರ ಎಚ್ಚರಿಕೆಯಿದೆ. ಇಂದು ಶತ್ರುಗಳಾಗಿ ಕಾಣುವವರ ನಡುವೆ ನಾಳಿನ ದೇವನಗರದ ಪ್ರಜೆಗಳು ಅಡಗಿದ್ದಾರೆ. ಅಂತೆಯೇ ನಮ್ಮೊಡನೆ ಸಂಸ್ಕಾರಗಳನ್ನು ಸ್ವೀಕರಿಸುವ ಕೆಲವರು ನಿತ್ಯಜೀವದಲ್ಲಿ ನಮ್ಮೊಡನೆ ಇರಲಾರರು. ಇವರನ್ನು ಬೇರ್ಪಡಿಸುವ ಅಧಿಕಾರ ತೀರ್ಪಿನ ದಿನದ ಒಡೆಯನಿಗೆ ಮಾತ್ರವೇ ಉಂಟು. ಆ ದಿನವನ್ನು ಲೆಕ್ಕಹಾಕಲು ಬಯಸಿದ ಧರ್ಮಾಧ್ಯಕ್ಷ ಹೆಸಿಕಿಯುಸರಿಗೂ, ಪ್ರಭು ಬೇಗ ಬರುವರೋ ತಡವಾಗಿ ಬರುವರೋ ತಿಳಿಯದೆಂದು ಒಪ್ಪಿಕೊಂಡು ಎಚ್ಚರದಿಂದಿರುವುದೇ ಕ್ಷೇಮವೆಂದು ಅವರು ಬರೆದರು.

ಈ ಬೋಧನೆಗೆ ಕೊನೆಯ ಪರೀಕ್ಷೆಯೂ ಬಂದಿತು. 429ರಲ್ಲಿ ವಾಂಡಲರು ಆಫ್ರಿಕಕ್ಕೆ ದಾಟಿ ಬಂದು, ಮರುವರ್ಷ ಹಿಪ್ಪೋ ನಗರವನ್ನೇ ಮುತ್ತಿದರು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಸಂತರು ಜ್ವರದಿಂದ ಹಾಸಿಗೆ ಹಿಡಿದರು. ದಾವೀದನ ಪಶ್ಚಾತ್ತಾಪ ಕೀರ್ತನೆಗಳನ್ನು ಬರೆಸಿ ಗೋಡೆಗೆ ತೂಗಿಸಿ, ಮಲಗಿದಲ್ಲಿಂದಲೇ ಓದುತ್ತಾ ಕಣ್ಣೀರು ಸುರಿಸಿದರು. ಶತ್ರು ಬಾಗಿಲಲ್ಲಿ ನಿಂತಿದ್ದ ಆ ಗಳಿಗೆಯಲ್ಲಿಯೂ ಅವರು ದೇವರ ತೀರ್ಪಿಗೆ ಮೊದಲು ಒಪ್ಪಿಸಿದ್ದು ಸ್ವಂತ ಆತ್ಮವನ್ನು. 430ರ ಆಗಸ್ಟ್ 28ರಂದು, ತಮ್ಮ 75ನೆಯ ವಯಸ್ಸಿನಲ್ಲಿ, ಅವರು ದೈವಾಧೀನರಾದರು. ಅದೇ ದಿನ ಪ್ರತಿವರ್ಷ ನಾವು ಅವರ ಹಬ್ಬವನ್ನು ಆಚರಿಸುತ್ತೇವೆ.

ಪ್ರಿಯ ಕ್ರೈಸ್ತಬಾಂಧವರೇ, ಪ್ರವಾದನೆಯು ನೆರೆಯವನ ಹಣೆಗೆ ಅಂಟಿಸುವ ಚೀಟಿಯಲ್ಲ. ಗೋಗನನ್ನು ದೂರದ ದೇಶದಲ್ಲಿ ಹುಡುಕುವ ಮುನ್ನ ಒಡೆದ ಮನೆಗಳಲ್ಲಿ, ಮಾತುಬಿಟ್ಟ ಸೋದರರ ನಡುವೆ, ನಮ್ಮ ಹೃದಯಗಳಲ್ಲಿ ಹುಡುಕೋಣ. ತೀರ್ಪನ್ನು ದೇವರಿಗೆ ಬಿಟ್ಟು, ಸಮಾಧಾನದ ಕಾರ್ಯವನ್ನು ನಾವು ಕೈಗೊಳ್ಳೋಣ. ಸಂತ ಅಗಸ್ತೀನರೇ, ನಮಗಾಗಿ ಪ್ರಾರ್ಥಿಸಿರಿ.