ವಿಜಯ್ ಮರ್ಚೆಂಟ್

ವಿಜಯ್ ಮರ್ಚೆಂಟ್ ಅವರು 1911ನೇ ಇಸವಿ ಅಕ್ಟೋಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಅವರದು ಬಟ್ಟೆ ಗಿರಣಿ ನಡೆಸುವ ಶ್ರೀಮಂತ ಮನೆತನ. ನಿಜವಾದ ಮನೆ ಹೆಸರು ಠಾಕರ್ಸಿ. ಶಾಲೆಯಲ್ಲಿ ಇಂಗ್ಲಿಷ್ ಗುರುಗಳು ಹೆಸರು ಮತ್ತು ತಂದೆಯ ಉದ್ಯೋಗ ಕೇಳಿದಾಗ ಹುಡುಗ ವ್ಯಾಪಾರ ಅಂತ ಇಂಗ್ಲಿಷಿನಲ್ಲಿ ಹೇಳಿದನಂತೆ. ಅವರು ಅದನ್ನೇ ಹೆಸರು ಅಂದ್ಕೊಂಡು ಬರೆದುಬಿಟ್ಟರಂತೆ. ಅದೇ ಕೊನೇತನಕ ಉಳಿಯಿತು!

1932ರಲ್ಲಿ ಭಾರತ ತಂಡ ಮೊದಲ ಟೆಸ್ಟ್ ಆಡಲು ಇಂಗ್ಲೆಂಡಿಗೆ ಹೋಯಿತು. ಆಗ ಗಾಂಧೀಜಿ ಜೈಲಿನಲ್ಲಿದ್ದರು. ಅದಕ್ಕೇ ಮರ್ಚೆಂಟ್ ಹೋಗಲಿಲ್ಲ. ಇಪ್ಪತ್ತು ವರ್ಷದ ಆಟಗಾರನಿಗೆ ಇದೇನು ಸಣ್ಣ ಮಾತಲ್ಲ.

ಇವರು ಆರಂಭಿಕ ಬ್ಯಾಟ್ಸ್‌ಮನ್. ಅಂದರೆ ಹೊಸ ಚೆಂಡನ್ನು ಮೊದಲು ಎದುರಿಸುವವರು. 1936ರಲ್ಲಿ ಮ್ಯಾಂಚೆಸ್ಟರ್ ಟೆಸ್ಟಿನಲ್ಲಿ ಭಾರತ 368 ರನ್ ಹಿಂದೆ ಬಿದ್ದಿತ್ತು. ಎಲ್ಲರೂ ಸೋಲೇ ಅಂದುಕೊಂಡಿರಬೇಕು. ಆದರೆ ಮರ್ಚೆಂಟ್ ಮತ್ತು ಮುಷ್ತಾಕ್ ಅಲಿ ಮೊದಲ ವಿಕೆಟ್‌ಗೆ 203 ರನ್ ಸೇರಿಸಿದರು. ಮರ್ಚೆಂಟ್ 114, ಮುಷ್ತಾಕ್ 112. ಪಂದ್ಯ ಡ್ರಾ ಆಯಿತು.

ಅದಾದ ಮೇಲೆ ಮಹಾಯುದ್ಧ ಬಂತು. 1936ರಿಂದ 1946ರವರೆಗೆ ಭಾರತ ಒಂದೂ ಟೆಸ್ಟ್ ಆಡಲಿಲ್ಲ. ಅವರ ಒಳ್ಳೆಯ ವಯಸ್ಸೆಲ್ಲ ಹಾಗೇ ಹೋಯಿತು. ಆದರೂ ಸುಮ್ಮನೆ ಕೂರಲಿಲ್ಲ, ದೇಶದೊಳಗಿನ ಪಂದ್ಯಗಳಲ್ಲೇ ರನ್ ರಾಶಿ ಹಾಕಿದರು. ಆಗ ಅವರಿಗೆ ಸರಿಸಾಟಿ ವಿಜಯ್ ಹಜಾರೆ. 1943ರ ಪೆಂಟಾಂಗ್ಯುಲರ್ ಫೈನಲ್‌ನಲ್ಲಿ ಹಿಂದೂ ತಂಡದ ಮರ್ಚೆಂಟ್ ಔಟಾಗದೆ 250 ಹೊಡೆದರು. ರೆಸ್ಟ್ ತಂಡದ ಹಜಾರೆ ಸುಮ್ಮನಿದ್ದಾರೆಯೇ? ತಂಡದ 387 ರನ್ನಿನಲ್ಲಿ ಅವರೊಬ್ಬರದೇ 309! ಅವರ ತಮ್ಮ ವಿವೇಕ್ ಇನ್ನೊಂದು ತುದಿಯಲ್ಲಿ ನಿಂತು ಮಾಡಿದ್ದು ಬರೀ 21. ಇಬ್ಬರೂ ಸೇರಿಸಿದ್ದು 300 ರನ್. ನನಗಂತೂ ಆ ತಮ್ಮನೇ ಇಷ್ಟ. ಆದರೆ ಗೆದ್ದದ್ದು ಮರ್ಚೆಂಟ್ ತಂಡ. ಅದೇ ಋತುವಿನ ರಣಜಿ ಟ್ರೋಫಿಯಲ್ಲಿ ಮರ್ಚೆಂಟ್ ಮಹಾರಾಷ್ಟ್ರದ ವಿರುದ್ಧ ಔಟಾಗದೆ 359 ಬಾರಿಸಿ ಹಜಾರೆಯವರ 309ನ್ನು ಮೀರಿಸಿದರು.

ಪ್ರಥಮ ದರ್ಜೆ ಪಂದ್ಯಗಳಲ್ಲಿ ಅವರ ಸರಾಸರಿ 71.64. ರಣಜಿಯಲ್ಲಂತೂ 98.75. ಟೆಸ್ಟ್ ಮಾತ್ರ ಹತ್ತೇ ಹತ್ತು. 1951ರಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ 154 ಹೊಡೆದಾಗ ಅವರಿಗೆ 40 ವರ್ಷ. ಆ ಪಂದ್ಯದಲ್ಲೇ ಫೀಲ್ಡಿಂಗ್ ಮಾಡುವಾಗ ಭುಜಕ್ಕೆ ಪೆಟ್ಟಾಯಿತು. ಅಲ್ಲಿಗೆ ಟೆಸ್ಟ್ ಆಟ ಮುಗಿಯಿತು.

ಆಮೇಲೆ ಆಯ್ಕೆ ಸಮಿತಿ ಅಧ್ಯಕ್ಷರಾದರು. ಪಟೌಡಿ ಬದಲು ಅಜಿತ್ ವಾಡೇಕರ್ ನಾಯಕರಾದದ್ದು ಇವರ ಒಂದು ಓಟಿನಿಂದ. 1971ರಲ್ಲಿ ಅದೇ ವಾಡೇಕರ್ ತಂಡ ವೆಸ್ಟ್ ಇಂಡೀಸ್‌ನಲ್ಲೂ ಇಂಗ್ಲೆಂಡಿನಲ್ಲೂ ಗೆದ್ದು ಬಂತು. ಮರ್ಚೆಂಟ್ ರೇಡಿಯೋದಲ್ಲಿ ಕ್ರಿಕೆಟ್ ಬಗ್ಗೆ ಮಾತಾಡುತ್ತಿದ್ದರು. ಅಂಧರಿಗೂ ಅಂಗವಿಕಲರಿಗೂ ಕೆಲಸ ಕೊಡಿಸಲು ಓಡಾಡಿದರು.

1987ರ ಅಕ್ಟೋಬರ್ 27ರಂದು ತೀರಿಕೊಂಡರು. 16 ವರ್ಷದೊಳಗಿನ ಹುಡುಗರ ರಾಜ್ಯ ತಂಡಗಳು ಆಡುವ ಟ್ರೋಫಿಗೆ ಅವರದೇ ಹೆಸರಿದೆ. ಅದರಲ್ಲಿ ನಮ್ಮ ಕರ್ನಾಟಕದ ಹುಡುಗರೂ ಆಡುತ್ತಾರೆ.