ಎಂಟ್ರೆನ್ಸ್‌ನಲ್ಲಿ ಎರಡು ಸಲ ಫೇಲ್ ಆದ ಗಾಲ್ವಾ

ಕ್ಯಾಂಟೀನ್‌ನಲ್ಲಿ ಟೀ ಕುಡಿದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡ್ತೀವಲ್ಲ, ಅದರ ಮೇಲೆ ಸ್ವಲ್ಪ ಎಣ್ಣೆ ಕಲೆ ಬಿದ್ದಿದ್ರೂ ಪೇಮೆಂಟ್ ಹೋಗುತ್ತೆ. ಕಾರಣ, ಆ ಕೋಡ್ ಒಳಗೆ ರೀಡ್-ಸಾಲೊಮನ್ ಅನ್ನೋ ಎರರ್ ಕರೆಕ್ಷನ್ ಕೂತಿದೆ. ಅದರ ಲೆಕ್ಕ ನಡೆಯೋದು 256 ಎಲಿಮೆಂಟ್‌ಗಳ ಒಂದು ಗಾಲ್ವಾ ಫೀಲ್ಡ್‌ನಲ್ಲಿ. ಎಇಎಸ್ ಎನ್‌ಕ್ರಿಪ್ಷನ್ ಕೂಡ ಅದೇ ಅಳತೆಯ ಫೀಲ್ಡ್ ಮೇಲೇ ನಿಂತಿದೆ. ಸ್ಪೆಲಿಂಗ್ ನೋಡಿ ನಾವು ಗ್ಯಾಲೋಯಿಸ್ ಅಂತ ಓದ್ತೀವಿ, ಫ್ರೆಂಚ್‌ನಲ್ಲಿ ಅದು ಗಾಲ್ವಾ. ಪೂರ್ತಿ ಹೆಸರು ಎವಾರಿಸ್ತ್ ಗಾಲ್ವಾ. ತಪ್ಪನ್ನು ತಾನೇ ತಿದ್ದಿಕೊಳ್ಳೋ ಕೋಡ್‌ಗಳ ಹಿಂದೆ ಇರೋ ಈ ಹುಡುಗ, ಎಂಜಿನಿಯರಿಂಗ್ ಕಾಲೇಜಿನ ಎಂಟ್ರೆನ್ಸ್‌ನಲ್ಲಿ ಎರಡು ಸಲ ಫೇಲ್ ಆಗಿದ್ದ.

ಅವನು ಹುಟ್ಟಿದ್ದು 1811ರ ಅಕ್ಟೋಬರ್ 25ರಂದು, ಪ್ಯಾರಿಸ್ ಹತ್ತಿರದ ಬೂರ್-ಲಾ-ರೇನ್ ಅನ್ನೋ ಊರಲ್ಲಿ. ಅಪ್ಪ ಆ ಊರಿನ ಮೇಯರ್ ಆಗಿದ್ದರು. ಹನ್ನೆರಡು ವರ್ಷದವರೆಗೆ ಮನೆಯಲ್ಲಿ ಅಮ್ಮನೇ ಪಾಠ ಹೇಳಿದರು. 1823ರಲ್ಲಿ ಪ್ಯಾರಿಸ್‌ನ ಲೂಯಿ-ಲೆ-ಗ್ರಾಂ ಶಾಲೆಗೆ ಸೇರಿದ. ಮೊದಲೆಲ್ಲಾ ಚೆನ್ನಾಗೇ ಓದ್ತಿದ್ದ, ಆಮೇಲೆ ಬೇಜಾರಾಯ್ತು. ಒಂದು ತರಗತಿಯಲ್ಲಿ ಎರಡನೇ ಸಲ ಕೂರಬೇಕಾಯ್ತು. ಅದೇ ಹೊತ್ತಿಗೆ, 1827ರಲ್ಲಿ, ಗಣಿತದ ಕ್ಲಾಸ್‌ಗೆ ಸೇರಿದ. ಅಲ್ಲಿಂದ ಕಥೆಯೇ ಬೇರೆ. ಲೆಜಾಂಡ್ರ್ ಬರೆದ ಜ್ಯಾಮಿತಿ ಪುಸ್ತಕವನ್ನು ಕಾದಂಬರಿ ಓದೋ ಹಾಗೆ ಓದಿ ಮುಗಿಸಿದ ಅಂತಾರೆ. ನಂತರ ಲಗ್ರಾಂಜ್ ಬರೆದ ಮೂಲ ಲೇಖನಗಳಿಗೇ ಕೈ ಹಾಕಿದ. ಬೇರೆ ವಿಷಯಗಳ ಕಡೆ ತಿರುಗಿಯೂ ನೋಡಲಿಲ್ಲ. ಮೇಷ್ಟ್ರುಗಳ ವರದಿಗಳಲ್ಲೆಲ್ಲಾ ಅದೇ ದೂರು.

ಅವನ ಕನಸು ಎಕೋಲ್ ಪಾಲಿಟೆಕ್ನಿಕ್. ನಮ್ಮ ಕಡೆ ಪಾಲಿಟೆಕ್ನಿಕ್ ಅಂದ್ರೆ ಡಿಪ್ಲೊಮಾ ನೆನಪಾಗುತ್ತೆ. ಆದ್ರೆ ಪ್ಯಾರಿಸ್‌ನಲ್ಲಿ 1794ರಲ್ಲಿ ಶುರುವಾದ ಇದು ನಮ್ಮ ಐಐಟಿ ಥರ. ದೇಶದ ಎಂಜಿನಿಯರ್‌ಗಳನ್ನೂ ಸೇನಾಧಿಕಾರಿಗಳನ್ನೂ ತಯಾರು ಮಾಡೋ ಜಾಗ. ಸೇರೋಕೆ ಸ್ಪರ್ಧಾತ್ಮಕ ಪರೀಕ್ಷೆ ಪಾಸಾಗಲೇಬೇಕು. ಆ ಪರೀಕ್ಷೆಯ ಮುಖ್ಯ ಭಾಗ ಬಾಯಿಪರೀಕ್ಷೆ. ಪರೀಕ್ಷಕರು ಪ್ರಶ್ನೆ ಕೇಳ್ತಾರೆ, ಹುಡುಗ ಬೋರ್ಡ್ ಮುಂದೆ ನಿಂತು ಬಿಡಿಸಿ ತೋರಿಸಬೇಕು.

1828ರಲ್ಲಿ ಗಾಲ್ವಾ ಮೊದಲ ಸಲ ಪರೀಕ್ಷೆಗೆ ಹೋದ. ಈ ಪರೀಕ್ಷೆಗೆ ಅಂತಲೇ ಇದ್ದ ಮೇಲಿನ ಗಣಿತದ ಕ್ಲಾಸನ್ನು ಅವನಿನ್ನೂ ಮುಗಿಸಿರಲಿಲ್ಲ. ಲಗ್ರಾಂಜ್‌ನನ್ನೇ ಓದಿದವನಿಗೆ ಸಿಲಬಸ್ ಯಾಕೆ ಅನ್ನಿಸಿತ್ತೇನೋ. ಫೇಲ್ ಆದ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಲಿಂಪಿಯಾಡ್ ಪ್ರಾಬ್ಲಮ್ ಬಿಡಿಸೋ ಹುಡುಗ ಎನ್‌ಸಿಇಆರ್‌ಟಿ ಪುಸ್ತಕ ಮುಟ್ಟದೆ ಪರೀಕ್ಷೆಗೆ ಕೂತ ಹಾಗೆ.

ವಾಪಸ್ ಬಂದು ರಿಷಾರ್ ಅನ್ನೋ ಮೇಷ್ಟ್ರ ಕ್ಲಾಸ್ ಸೇರಿದ. ಈ ಹುಡುಗನ ತಲೆ ಎಂಥದ್ದು ಅಂತ ಅವರಿಗೆ ಬೇಗ ಗೊತ್ತಾಯ್ತು. 1829ರ ಏಪ್ರಿಲ್‌ನಲ್ಲಿ ಗಾಲ್ವಾನ ಮೊದಲ ಲೇಖನ ಪ್ರಕಟವಾಯ್ತು. ಮೇ ತಿಂಗಳಲ್ಲಿ, ಹದಿನೇಳನೇ ವಯಸ್ಸಿಗೆ, ಫ್ರಾನ್ಸ್‌ನ ವಿಜ್ಞಾನ ಅಕಾಡೆಮಿಗೆ ತನ್ನ ದೊಡ್ಡ ಕೆಲಸದ ಮೊದಲ ಕಂತು ಕಳಿಸಿದ. ಆ ವಯಸ್ಸಲ್ಲಿ ನಾವು ಪಿಯುಸಿ ರೆಕಾರ್ಡ್ ಬರೀತಿದ್ವಿ.

ಏನದು ದೊಡ್ಡ ಕೆಲಸ? ಕ್ವಾಡ್ರಾಟಿಕ್ ಈಕ್ವೇಶನ್‌ಗೆ ಫಾರ್ಮುಲಾ ಇದೆ, ನಮಗೆಲ್ಲಾ ಬಾಯಿಪಾಠ. ಮೂರನೇ, ನಾಲ್ಕನೇ ಡಿಗ್ರಿಗೂ ಫಾರ್ಮುಲಾ ಇದೆ, 16ನೇ ಶತಮಾನದ ಇಟಲಿಯಲ್ಲೇ ಸಿಕ್ಕಿತ್ತು. ಐದನೇ ಡಿಗ್ರಿಗೆ ಎಲ್ಲಾ ಈಕ್ವೇಶನ್‌ಗೂ ಆಗೋ ಅಂಥ ಫಾರ್ಮುಲಾ ಇಲ್ಲ ಅಂತ ನಾರ್ವೆಯ ಆಬೆಲ್ 1824ರಲ್ಲಿ ತೋರಿಸಿದ್ದ. ಹಾಗಾದ್ರೆ ಯಾವ ಈಕ್ವೇಶನ್ ಆ ರೀತಿ ಬಿಡಿಸೋಕಾಗುತ್ತೆ, ಯಾವುದು ಆಗಲ್ಲ? ಅದಕ್ಕೆ ಉತ್ತರ ಕೊಟ್ಟವನು ಗಾಲ್ವಾ. ಈಕ್ವೇಶನ್‌ನ ರೂಟ್‌ಗಳನ್ನು ಒಂದರ ಜಾಗಕ್ಕೆ ಇನ್ನೊಂದನ್ನು ಇಟ್ಟು ಅದಲುಬದಲು ಮಾಡಿದಾಗ ಏನು ಬದಲಾಗದೆ ಉಳಿಯುತ್ತೆ ಅಂತ ಅವನು ನೋಡಿದ. ಇವತ್ತು ನಾವು ಓದೋ ಗ್ರೂಪ್ ಥಿಯರಿಗೆ ಅದೇ ಬೇರು.

ಇಷ್ಟೆಲ್ಲಾ ತಲೆಯಲ್ಲಿಟ್ಟುಕೊಂಡು ಅದೇ ಬೇಸಿಗೆಯಲ್ಲಿ ಎರಡನೇ ಸಲ ಪರೀಕ್ಷೆಗೆ ಹೋಗಬೇಕಿತ್ತು. ಜುಲೈನಲ್ಲಿ ಅಪ್ಪ ಆತ್ಮಹತ್ಯೆ ಮಾಡಿಕೊಂಡರು. ಊರಿನ ಪಾದ್ರಿಯ ಜೊತೆಗಿನ ರಾಜಕೀಯ ಜಗಳ ಅಲ್ಲಿವರೆಗೂ ಹೋಗಿತ್ತು. ಅದಾಗಿ ಸ್ವಲ್ಪ ದಿನಕ್ಕೇ ಗಾಲ್ವಾ ಬೋರ್ಡ್ ಮುಂದೆ ನಿಂತ. ಎಲ್ಲವನ್ನೂ ತಲೆಯಲ್ಲೇ ಬಿಡಿಸಿ ನೇರವಾಗಿ ಉತ್ತರಕ್ಕೆ ಹೋಗೋದು ಅವನ ಅಭ್ಯಾಸ. ಅವನಿಗೆ ಸ್ಪಷ್ಟವಾಗಿದ್ದ ಸ್ಟೆಪ್‌ಗಳನ್ನು ಬಿಟ್ಟುಬಿಡ್ತಿದ್ದ. ಪರೀಕ್ಷಕರಿಗೆ ಅದು ಹಿಡಿಸಲಿಲ್ಲ, ಬಹುಶಃ ಅರ್ಥವೂ ಆಗಲಿಲ್ಲ. ಸಿಟ್ಟಿಗೆದ್ದು ಪರೀಕ್ಷಕರ ಮುಖಕ್ಕೆ ಡಸ್ಟರ್ ಎಸೆದ ಅನ್ನೋ ಕಥೆ ತುಂಬಾ ಫೇಮಸ್, ಆದ್ರೆ ಅದಕ್ಕೆ ಗಟ್ಟಿ ಆಧಾರ ಇಲ್ಲ. ಗಟ್ಟಿ ಇರೋದು ಫಲಿತಾಂಶ ಮಾತ್ರ. ಮತ್ತೆ ಫೇಲ್. ಎರಡೇ ಅವಕಾಶ ಇದ್ದದ್ದು, ಎರಡೂ ಮುಗಿದವು.

ಇಲ್ಲಿ ತಪ್ಪು ಪೂರ್ತಿ ಅವನದೇ ಅನ್ನೋಕೆ ನಮಗೆ ಮನಸ್ಸು ಬರಲ್ಲ. ಅಪ್ಪ ಸತ್ತ ಕೆಲವೇ ದಿನಕ್ಕೆ ಯಾವ ಹುಡುಗನಾದ್ರೂ ನೆಟ್ಟಗೆ ಉತ್ತರ ಹೇಳ್ತಾನಾ? ಆದ್ರೂ ಅವನು ಸ್ಟೆಪ್ ಬಿಡೋದು ಆ ಒಂದು ದಿನದ ಮಾತಾಗಿರಲಿಲ್ಲ. ಮುಂದೆಯೂ ಅದು ಅವನ ಬೆನ್ನು ಬಿಡಲಿಲ್ಲ.

ಪಾಲಿಟೆಕ್ನಿಕ್ ಕೈತಪ್ಪಿದ ಮೇಲೆ ಮೇಷ್ಟ್ರುಗಳನ್ನು ತಯಾರು ಮಾಡೋ ಎಕೋಲ್ ನಾರ್ಮಾಲ್‌ಗೆ ಸೇರಿದ. 1830ರ ಫೆಬ್ರವರಿಯಲ್ಲಿ ಅಕಾಡೆಮಿಯ ದೊಡ್ಡ ಬಹುಮಾನಕ್ಕೆ ತನ್ನ ಕೆಲಸ ಕಳಿಸಿದ. ಅದು ನಮ್ಮ ಫೊರಿಯರ್ ಸೀರೀಸ್‌ನ ಫೊರಿಯರ್ ಕೈಗೆ ಹೋಯ್ತು. ಫೊರಿಯರ್ ಮೇ ತಿಂಗಳಲ್ಲಿ ತೀರಿಕೊಂಡರು, ಹಸ್ತಪ್ರತಿ ಕಳೆದೇ ಹೋಯ್ತು. 1831ರ ಜನವರಿಯಲ್ಲಿ ಮತ್ತೆ ಬರೆದು ಕಳಿಸಿದ. ಈ ಸಲ ಓದಿದ್ದು ಪ್ವಾಸೋನ್. ಹೌದು, ಪ್ವಾಸಾನ್ ಡಿಸ್ಟ್ರಿಬ್ಯೂಷನ್‌ನವರೇ. ವಾದ ಸಾಕಷ್ಟು ಸ್ಪಷ್ಟವಾಗಿಲ್ಲ, ಸಾಕಷ್ಟು ಬೆಳೆಸಿಲ್ಲ, ಹಾಗಾಗಿ ಸರಿ ತಪ್ಪು ಹೇಳೋಕಾಗ್ತಿಲ್ಲ ಅನ್ನೋದು ಅವರ ತೀರ್ಪು. ಬೋರ್ಡ್ ಮುಂದೆ ಆಗಿದ್ದೇ ಕಾಗದದ ಮೇಲೂ ಆಯ್ತು. ಅಂಥ ದೊಡ್ಡ ಗಣಿತಜ್ಞರಿಗೇ ನಡುವಿನ ಸ್ಟೆಪ್ ಸಿಗಲಿಲ್ಲ.

ಆ ಹೊತ್ತಿಗೆ ಗಾಲ್ವಾ ರಾಜಕೀಯದಲ್ಲಿ ಮುಳುಗಿದ್ದ. ರಾಜನ ವಿರುದ್ಧ ಇದ್ದ ಗಣರಾಜ್ಯವಾದಿಗಳ ಜೊತೆ ಸೇರಿದ್ದ. 1830ರ ಜುಲೈ ಕ್ರಾಂತಿಯಲ್ಲಿ ಪಾಲಿಟೆಕ್ನಿಕ್ ಹುಡುಗರು ಬೀದಿಗಿಳಿದಿದ್ದಾಗ ಇವನ ಕಾಲೇಜಿನ ನಿರ್ದೇಶಕರು ಗೇಟ್ ಹಾಕಿಸಿದ್ದರು. ಅವರನ್ನು ಪತ್ರಿಕೆಯಲ್ಲಿ ಟೀಕಿಸಿ ಕಾಲೇಜಿನಿಂದ ಹೊರಬಿದ್ದ. 1831ರ ಜುಲೈ 14ರಂದು ಅರೆಸ್ಟ್ ಆಗಿ ಜೈಲು ಸೇರಿದ. ಹೊರಗೆ ಬಂದದ್ದು 1832ರ ಏಪ್ರಿಲ್ ಕೊನೆಗೆ. ಒಂದು ತಿಂಗಳಿಗೆ ದ್ವಂದ್ವಯುದ್ಧ. ಕಾರಣ ಏನು ಅನ್ನೋದರ ಬಗ್ಗೆ ಇವತ್ತಿಗೂ ವಾದ ಇದೆ. ಮೇ 30ರ ಬೆಳಗ್ಗೆ ಹೊಟ್ಟೆಗೆ ಗುಂಡು ಬಿತ್ತು, ಮಾರನೇ ದಿನ ಆಸ್ಪತ್ರೆಯಲ್ಲಿ ಸತ್ತ. ವಯಸ್ಸು 20.

ಆ ಕೊನೆಯ ರಾತ್ರಿ ಗ್ರೂಪ್ ಥಿಯರಿ ಪೂರ್ತಿ ಕೂತು ಬರೆದ ಅನ್ನೋ ಮಾತು ಇಂಟರ್ನೆಟ್‌ನಲ್ಲಿ ಓಡಾಡುತ್ತೆ. ಪರೀಕ್ಷೆ ಹಿಂದಿನ ರಾತ್ರಿ ಓದೋ ನಮಗೆಲ್ಲಾ ಬಲು ಇಷ್ಟದ ಕಥೆ. ಆದ್ರೆ ನಿಜ ಹಾಗಿಲ್ಲ. ಮೂರು ವರ್ಷದಿಂದ ಮಾಡಿದ್ದ ಕೆಲಸ ಆಗಲೇ ಇತ್ತು. ಆ ರಾತ್ರಿ ಅವನು ಮಾಡಿದ್ದು ಗೆಳೆಯ ಶೆವಾಲಿಯೇಗೆ ಅದರ ಸಾರಾಂಶದ ಪತ್ರ ಬರೆದದ್ದು, ಹಳೇ ಹಸ್ತಪ್ರತಿಯಲ್ಲಿ ಅಲ್ಲಲ್ಲಿ ತಿದ್ದಿದ್ದು. ಒಂದು ಪ್ರೂಫ್ ಪಕ್ಕದ ಮಾರ್ಜಿನ್‌ನಲ್ಲಿ, ಇದನ್ನು ಪೂರ್ತಿ ಮಾಡಬೇಕು, ಸಮಯ ಇಲ್ಲ ಅನ್ನೋ ಅರ್ಥದ ಸಾಲು ಗೀಚಿದ್ದಾನೆ. ಬಿಟ್ಟ ಸ್ಟೆಪ್ ತುಂಬೋಕೆ ಅವನು ಕೂತಾಗ ಟೈಮ್ ಮುಗಿದಿತ್ತು.

ನಮ್ಮ ಹಾಸ್ಟೆಲ್‌ನಲ್ಲಿ ಇಂಟರ್ನಲ್ಸ್ ಮುಗಿದ ದಿನ ಸಿಲ್ಲಿ ಮಿಸ್ಟೇಕ್ ಅನ್ನೋ ಪದ ಕೇಳದ ರೂಮಿಲ್ಲ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ ಇತ್ತು. ಮುಂದೆ ಗೇಟ್‌ಗೆ ಕೂತರೆ 65 ಪ್ರಶ್ನೆಗೆ 180 ನಿಮಿಷ, ಅಂದ್ರೆ ಒಂದಕ್ಕೆ ಮೂರು ನಿಮಿಷವೂ ಇಲ್ಲ. ಇಷ್ಟು ಕಮ್ಮಿ ಟೈಮಲ್ಲಿ ಮೊದಲು ಉಳಿಸೋಣ ಅನ್ನಿಸೋದೇ ಸ್ಟೆಪ್. ಮೈನಸ್ ಚಿಹ್ನೆ ಕಳೆದುಹೋಗೋದು, ಮಿಲಿ ಮೈಕ್ರೊ ಆಗೋದು, ಕೇಳಿದ್ದು ರೇಡಿಯಸ್ ಆದ್ರೆ ಡಯಾಮೀಟರ್ ಬರೆದು ಬರೋದು, ಎಲ್ಲಾ ಆ ಬಿಟ್ಟ ಸಾಲಿನಲ್ಲೇ. ಗಾಲ್ವಾ ಎದುರು ಕಡೇಪಕ್ಷ ಒಬ್ಬ ಮನುಷ್ಯ ಕೂತಿದ್ದ, ಯಾಕೆ ಹೀಗೆ ಅಂತ ಕೇಳಬಹುದಿತ್ತು. ಗೇಟ್‌ನ ನ್ಯೂಮೆರಿಕಲ್ ಪ್ರಶ್ನೆಯಲ್ಲಿ ಸಂಖ್ಯೆ ತಪ್ಪಾದ್ರೆ ಸೊನ್ನೆ, ಮೆಥಡ್ ಎಷ್ಟೇ ಸರಿ ಇರಲಿ. ಹಾಗಾಗಿ ಮೊದಲ ಸುತ್ತಿನಲ್ಲಿ ಬರೋದನ್ನು ಮುಗಿಸಿ, ಕಷ್ಟದ್ದನ್ನು ಮಾರ್ಕ್ ಮಾಡಿ ಬಿಟ್ಟು, ಕೊನೆಯ ಹದಿನೈದು ನಿಮಿಷ ಯೂನಿಟ್ ಮತ್ತು ಚಿಹ್ನೆ ನೋಡೋಕೆ ಎತ್ತಿಡೋಣ. ರಫ್ ಶೀಟ್‌ನಲ್ಲಿ ಪ್ರಶ್ನೆ ನಂಬರ್ ಹಾಕಿ ಸಾಲು ಸಾಲಾಗಿ ಬರೆದಿದ್ರೆ ಮಾತ್ರ ಆ ಹದಿನೈದು ನಿಮಿಷಕ್ಕೆ ಅರ್ಥ. ಇಲ್ಲಾಂದ್ರೆ ನಮ್ಮ ಬರಹವೇ ನಮಗೆ ತಿಳಿಯಲ್ಲ.

ಗಾಲ್ವಾ ಸತ್ತ ಮೇಲೆ ಅವನ ತಮ್ಮ ಮತ್ತು ಶೆವಾಲಿಯೇ ಸೇರಿ ಹಸ್ತಪ್ರತಿಗಳನ್ನು ಪ್ರತಿ ಮಾಡಿದರು. ಅವು ಲಿಯುವಿಲ್ ಅನ್ನೋ ಗಣಿತಜ್ಞರ ಕೈಗೆ ಬಂದವು. ಅವರು ತಾಳ್ಮೆಯಿಂದ ಓದಿದರು, ಬಿಟ್ಟುಹೋದ ಕೊಂಡಿಗಳನ್ನು ತಾವೇ ಹುಡುಕಿದರು, 1846ರಲ್ಲಿ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರು. 1870ರಲ್ಲಿ ಕಮೀಯ್ ಜೋರ್ಡಾನ್ ಅದನ್ನೆಲ್ಲಾ ವಿವರವಾಗಿ ಬೆಳೆಸಿ ದೊಡ್ಡ ಪುಸ್ತಕವನ್ನೇ ಬರೆದರು. ಲಿಯುವಿಲ್, ಜೋರ್ಡಾನ್ ಇಬ್ಬರೂ ಓದಿದ್ದು ಎಲ್ಲಿ ಗೊತ್ತಾ? ಎಕೋಲ್ ಪಾಲಿಟೆಕ್ನಿಕ್‌ನಲ್ಲಿ. ಎರಡು ಸಲ ಬಾಗಿಲು ಹಾಕಿದ ಕಾಲೇಜಿನವರೇ ಅವನ ಸ್ಟೆಪ್‌ಗಳನ್ನು ತುಂಬಿಕೊಟ್ಟರು. ಅವನ ಪ್ರತಿಭೆಯನ್ನು ಆ ಪರೀಕ್ಷೆ ಅಳೆಯಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದ್ರೆ ಅವನು ಸತ್ತು ಆಗಲೇ ಹದಿನಾಲ್ಕು ವರ್ಷ ಆಗಿತ್ತು. ನಾವು ಬಿಟ್ಟ ಸ್ಟೆಪ್ ತುಂಬೋಕೆ ಯಾವ ಲಿಯುವಿಲ್ ಬರ್ತಾರೆ? ನಾವೇ ಬರೆದುಬಿಡೋಣ.