ಸರ್ಟಿಫಿಕೇಟ್ ಇಲ್ಲದ ತೇನ್‌ಸಿಂಗ್

ಬಸವಾಪಟ್ಟಣದ ಕೋಟೆ ಗುಡ್ಡದ ಮೇಲೆ ಸಂಜೆ ಕೂತಿದ್ದಾಗ ಗೆಳೆಯನೊಬ್ಬ ಮೊಬೈಲ್‌ನಲ್ಲಿ ರೀಲ್ ತೋರಿಸಿದ. ಕಡಿದಾದ ಬಂಡೆಗೆ ಮಂಚದಂಥದ್ದನ್ನು ತೂಗುಹಾಕಿ ಪ್ರವಾಸಿಗರು ರಾತ್ರಿ ಅದರ ಮೇಲೆ ಮಲಗಿದ್ದರು. ದುಡ್ಡು ಕೊಟ್ಟರೆ ಗೈಡ್ ಹತ್ತಿಸುತ್ತಾನೆ, ಊಟ ಕೊಡುತ್ತಾನೆ, ಬೆಳಿಗ್ಗೆ ಇಳಿಸುತ್ತಾನೆ. ಗೆಳೆಯರೆಲ್ಲ ಮಂಚದ ಮೇಲಿದ್ದವರನ್ನು ನೋಡಿ ಹುಬ್ಬೇರಿಸಿದರು. ನನ್ನ ಕಣ್ಣು ಮಾತ್ರ ಹಗ್ಗದ ಗಂಟು ನೋಡುತ್ತಿದ್ದ ಗೈಡ್ ಮೇಲೆ ನಿಂತಿತು. ನೆನಪಾದವರು ತೇನ್‌ಸಿಂಗ್ ನೋರ್ಗೆ.

ಶಾಲೆಯಲ್ಲಿ ಅವರ ಬಗ್ಗೆ ಓದಿದ್ದು ಒಂದೇ ಸಾಲು: 1953ರ ಮೇ 29, ಎವರೆಸ್ಟ್. ಅದಕ್ಕೂ ಮುಂಚಿನ ಹದಿನೆಂಟು ವರ್ಷದ ಕಥೆ ಯಾರೂ ಹೇಳಿರಲಿಲ್ಲ.

1914ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಯಾಕ್ ಕಾಯುತ್ತ ಬೆಳೆದ ತೇನ್‌ಸಿಂಗ್ ಕೆಲಸ ಹುಡುಕಿಕೊಂಡು ಡಾರ್ಜಿಲಿಂಗ್‌ಗೆ ಬಂದರು. ಓದು ಬರಹ ಇಲ್ಲ. 1935ರಲ್ಲಿ ಎರಿಕ್ ಶಿಪ್ಟನ್ ತಮ್ಮ ತಂಡಕ್ಕೆ ಶೆರ್ಪಾಗಳನ್ನು ಆರಿಸುವಾಗ, ಹಿಂದೆ ದುಡಿದ ಸರ್ಟಿಫಿಕೇಟ್ ಇದ್ದವರಿಗೇ ಮಣೆ. ಇವರ ಕೈಯಲ್ಲಿ ಏನೂ ಇರಲಿಲ್ಲ. ಕೊನೆಗೆ ನಗುಮುಖ ನೋಡಿಯೇ ಶಿಪ್ಟನ್ ಸೇರಿಸಿಕೊಂಡರು. ಆಗ ಅವರಿಗೆ ಹೆಚ್ಚುಕಡಿಮೆ ನನ್ನ ವಯಸ್ಸು. ನಗು ನೋಡಿ ಕೆಲಸ ಕೊಡುವವರು ಕ್ಯಾಂಪಸ್ ಇಂಟರ್‌ವ್ಯೂಗೆ ಬರುವುದಿಲ್ಲ, ಆ ಮಾತು ಬೇರೆ.

ಆ ವರ್ಷ ಶಿಖರ ಸಿಗಲಿಲ್ಲ. 1936, 1938, 1947ರಲ್ಲೂ ಇಲ್ಲ.

1952ರ ಮೇನಲ್ಲಿ ಸ್ವಿಸ್ ತಂಡದ ಜೊತೆ ಹೋದಾಗಿನ ಒಂದು ರಾತ್ರಿಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಸುಮಾರು 8,400 ಮೀಟರ್ ಎತ್ತರ. ಜೊತೆಗಿದ್ದ ರೇಮಂಡ್ ಲ್ಯಾಂಬರ್ಟ್‌ಗೆ ಹಿಮದ ಹೊಡೆತಕ್ಕೆ ಮೊದಲೇ ಕಾಲ್ಬೆರಳು ಹೋಗಿದ್ದವು. ಇವರ ಭಾಷೆ ಅವರಿಗೆ ಬಾರದು, ಅವರದು ಇವರಿಗೆ ಅಷ್ಟಕ್ಕಷ್ಟೇ. ಚಿಕ್ಕ ಗುಡಾರ ಇತ್ತು, ಮಲಗುವ ಚೀಲ ಇಲ್ಲ, ಸ್ಟೌ ಇಲ್ಲ. ಖಾಲಿ ಡಬ್ಬಿಯಲ್ಲಿ ಹಿಮ ತುಂಬಿ, ಮೇಣದಬತ್ತಿಯ ಉರಿಗೆ ಹಿಡಿದು ಕರಗಿಸಿ ಕುಡಿದರು. ನಿದ್ದೆ ಹೋದರೆ ಎದ್ದೇಳುವುದಿಲ್ಲವೆಂಬ ಭಯಕ್ಕೆ ಬೆಳಗಿನವರೆಗೆ ಒಬ್ಬರ ಮೈ ಒಬ್ಬರು ತಟ್ಟುತ್ತ ಕೂತರು. ಮರುದಿನ 8,600 ಮೀಟರ್ ಹತ್ತಿರ ಹೋಗಿ ವಾಪಸ್ ತಿರುಗಿದರು. ತಿರುಗಿದ್ದರಿಂದಲೇ ಉಳಿದರು ಅನ್ನಿಸುತ್ತದೆ. ಅದೇ ವರ್ಷ ಚಳಿಗಾಲಕ್ಕೆ ಮುಂಚೆ ಇನ್ನೊಂದು ಪ್ರಯತ್ನ, ಮತ್ತೆ ಬರಿಗೈ.

ಏಳನೆಯದು 1953ರದ್ದು, ಬ್ರಿಟಿಷ್ ತಂಡ. ಏಪ್ರಿಲ್‌ನಲ್ಲಿ ಎಡ್ಮಂಡ್ ಹಿಲರಿ ಹಿಮದ ಬಿರುಕಿಗೆ ಜಾರಿದಾಗ ಹಗ್ಗ ಬಿಗಿಹಿಡಿದು ನಿಲ್ಲಿಸಿದವರು ತೇನ್‌ಸಿಂಗ್. ಮುಂದೆ ಇವರಿಬ್ಬರೇ ಜೋಡಿಯಾದರು. ಮೇ 28ರ ಸಂಜೆ 8,500 ಮೀಟರ್‌ನಲ್ಲಿ, ಇಳಿಜಾರಿನ ಮಂಜು ಕಲ್ಲು ಕಡಿದು ಎರಡು ಮೆಟ್ಟಿಲಷ್ಟು ಜಾಗ ಮಾಡಿ ಗುಡಾರ ಹಾಕಿದರು. ಕೆಳಗಿನ ಮೆಟ್ಟಿಲು, ಪ್ರಪಾತದ ಕಡೆಯದು, ತೇನ್‌ಸಿಂಗ್ ಪಾಲಿಗೆ. ರಾತ್ರಿ ಅವರು ಬೂಟು ಬಿಚ್ಚಲಿಲ್ಲ. ಹಿಲರಿ ಬಿಚ್ಚಿಟ್ಟಿದ್ದರು, ಬೆಳಿಗ್ಗೆ ನೋಡಿದರೆ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಸ್ಟೌ ಮೇಲೆ ಕಾಯಿಸಿ ಮೆತ್ತಗಾಗಿಸಲು ಎರಡು ಗಂಟೆ ಹಿಡಿಯಿತು. ಸಣ್ಣ ಸಂಗತಿ, ಆದರೆ ಹದಿನೆಂಟು ವರ್ಷ ಕಲಿಸಿದ್ದು ಇಂಥದ್ದನ್ನೇ.

ಬೆಳಿಗ್ಗೆ 11.30ಕ್ಕೆ ತುದಿ ಮುಟ್ಟಿದರು. ಕೊರಳಲ್ಲಿ ಲ್ಯಾಂಬರ್ಟ್ ಕೊಟ್ಟ ಕೆಂಪು ಸ್ಕಾರ್ಫ್. ಮಗಳು ನೀಮಾ ಕೊಟ್ಟಿದ್ದ ಪೆನ್ಸಿಲನ್ನು ಹಿಮದಲ್ಲಿ ಹೂತರು. ಮೊದಲು ಕಾಲಿಟ್ಟವರು ಯಾರೆಂದು ಊರೆಲ್ಲ ಜಗಳವಾಡಿತು. ಹಿಲರಿ ಕೆಲವು ಹೆಜ್ಜೆ ಮುಂದಿದ್ದರು ಎಂದು 1955ರ ಆತ್ಮಕಥೆಯಲ್ಲಿ ಸ್ವತಃ ತೇನ್‌ಸಿಂಗರೇ ಒಪ್ಪಿದರು. ಆ ಪುಸ್ತಕವನ್ನೂ ಅವರು ಹೇಳಿ ಬರೆಸಿದ್ದು.

ಆಮೇಲಿನ ಬದುಕು ನನಗೆ ಇನ್ನೂ ಇಷ್ಟ. 1954ರ ನವೆಂಬರ್‌ನಲ್ಲಿ ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಅದಕ್ಕಾಗಿ ಸ್ವಿಟ್ಜರ್ಲೆಂಡ್‌ಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ನಂತರ 1976ರವರೆಗೆ ಕ್ಷೇತ್ರ ತರಬೇತಿಯ ನಿರ್ದೇಶಕರಾಗಿ ಹೊಸಬರಿಗೆ ಹತ್ತುವುದನ್ನು ಕಲಿಸಿದರು. ಸರ್ಟಿಫಿಕೇಟ್ ಇಲ್ಲದವರ ಕೈಕೆಳಗೆ ಕಲಿತವರು ಸರ್ಟಿಫಿಕೇಟ್ ಹಿಡಿದು ಹೋದರು. 1978ರಲ್ಲಿ ತಮ್ಮದೇ ಚಾರಣ ಕಂಪನಿ ತೆರೆದರು. 1986ರ ಮೇ 9ರಂದು ಡಾರ್ಜಿಲಿಂಗ್‌ನಲ್ಲೇ ತೀರಿಕೊಂಡರು.

ನಮ್ಮಲ್ಲೂ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಹತ್ತುವುದನ್ನು ಕಲಿಸುತ್ತದೆ, ರಾಮನಗರ, ಬಾದಾಮಿಯಲ್ಲಿ. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಅರ್ಜಿ ಹಾಕಬೇಕೆಂದಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.